ಎಷ್ಟು ನೀರು ಹಾಕಬೇಕು ಅಂತ ಕೇಳಿದರೆ

ಗಿಡಗಳ ಜೊತೆಯಲ್ಲೇ ಆಯಸ್ಸು ಕಳೆದವರನ್ನು ಏನಾದರೂ ಕೇಳಿ ನೋಡಿ. ನೇರ ಉತ್ತರ ಸಿಗುವುದಿಲ್ಲ, ಮರುಪ್ರಶ್ನೆ ಬರುತ್ತದೆ. ಕರಿಬೇವಿಗೆ ದಿನಕ್ಕೆ ಎಷ್ಟು ನೀರು ಅಂದರೆ ‘ಕುಂಡ ಮಣ್ಣಿನದೋ ಪ್ಲಾಸ್ಟಿಕ್ಕೋ?’ ಅನ್ನುತ್ತಾರೆ. ಟೊಮ್ಯಾಟೊ ಎಲೆ ಮುದುಡುತ್ತಿದೆ ಅಂದರೆ ‘ಎಲೆ ಮಗುಚಿ ಹಿಂದೆ ನೋಡಿದ್ರಾ?’ ಅನ್ನುತ್ತಾರೆ. ಯಾವ ತಿಂಗಳಲ್ಲಿ ಬೀಜ ಹಾಕಲಿ ಅಂದರೆ ‘ಪಕ್ಕದ ಬಿಲ್ಡಿಂಗ್ ಎಷ್ಟು ಎತ್ತರ?’ ಅನ್ನುತ್ತಾರೆ. ಇವೇ ಪ್ರಶ್ನೆಗಳನ್ನು ಫೋನಿನಲ್ಲಿ ಹುಡುಕಿದರೆ ಕ್ಷಣದಲ್ಲಿ ಅಂಕಿ ಸಿಗುತ್ತದೆ: ಹದಿನೈದು ದಿನಕ್ಕೊಮ್ಮೆ ಗೊಬ್ಬರ, ದಿನಕ್ಕೆ ಅರ್ಧ ಲೀಟರ್ ನೀರು, ಆರು ಗಂಟೆ ಬಿಸಿಲು. ವಿಡಿಯೊ ಮಾಡುವವರ ಬಗ್ಗೆ ನನಗೆ ತಕರಾರಿಲ್ಲ. ಕಸಿ ಕಟ್ಟುವಾಗ ಬೆರಳು ಹೇಗೆ ಓಡುತ್ತದೆ ಅನ್ನುವುದನ್ನು ನಿಧಾನಗತಿಯಲ್ಲಿ, ಬೇಕಾದಷ್ಟು ಸಲ ನೋಡುವ ಅವಕಾಶ ನಮ್ಮ ಹಿರಿಯರಿಗೆ ಇರಲಿಲ್ಲ. ಆದರೆ ವಿಡಿಯೊದಲ್ಲಿರುವವರಿಗೆ ನನ್ನ ತಾರಸಿ ಕಾಣುವುದಿಲ್ಲ. ಅವರು ಹೇಳುವುದು ಎಲ್ಲರಿಗೂ ಸೇರಿಸಿ ಹೇಳಿದ ಮಾತು. ಹತ್ತಿರದವರು ಹೇಳುವುದು ನನ್ನ ಮನೆಯ ಮೂಲೆಗಷ್ಟೇ ಸಲ್ಲುವ ಮಾತು. ತಾರಸಿಯಲ್ಲಿ ತರಕಾರಿ ಬೆಳೆಯಲು ಶುರು ಮಾಡಿದಾಗಿನಿಂದ ಈ ವ್ಯತ್ಯಾಸ ನನ್ನ ತಲೆಯಲ್ಲಿ ಕೂತಿದೆ.

ಸಿದ್ದಾಪುರದ ಅಜ್ಜ

ಸಿದ್ದಾಪುರ ಅಂದರೆ ಲಾಲ್‌ಬಾಗ್‌ ಪಕ್ಕದ್ದು, ನಮ್ಮ ಉತ್ತರ ಕನ್ನಡದ್ದಲ್ಲ. ಅಲ್ಲಿಯ ನರ್ಸರಿಗಳ ಸಾಲಿನಲ್ಲಿ ಒಂದು ಸಣ್ಣ ಜಾಗವಿದೆ. ಎರಡೂ ಕಡೆ ಕಟ್ಟಡ ಎದ್ದು, ನಡುವೆ ಉಳಿದ ಓಣಿಯಷ್ಟಗಲದ ನೆಲದಲ್ಲಿ ಕುಂಡ ಜೋಡಿಸಿಕೊಂಡು ಒಬ್ಬ ಅಜ್ಜ ಕೂತಿರುತ್ತಾರೆ. ತಿಗಳರ ಮನೆತನ. ಅವರ ಅಪ್ಪ, ಅಜ್ಜ ಎಲ್ಲ ಇದೇ ನೆಲದಲ್ಲಿ ಸೊಪ್ಪು, ಹೂ ಬೆಳೆದವರು. ಬೆಂಗಳೂರಿನ ಕರಗ ತಿಗಳರದ್ದು ಅಂತ ಎಲ್ಲರಿಗೂ ಗೊತ್ತು. ಕೆರೆ ನೀರು ಹಾಯಿಸಿ ಈ ಊರಿಗೆ ಸೊಪ್ಪು ತಿನ್ನಿಸಿದವರೂ ಅವರೇ ಅನ್ನುವುದು ಅಷ್ಟಾಗಿ ನೆನಪಾಗುವುದಿಲ್ಲ.

ನಾನು ಹೋಗಿದ್ದು ಡಿಸೆಂಬರ್‌ನ ಒಂದು ಬೆಳಗ್ಗೆ, ಮೆಣಸಿನ ಸಸಿ ತರಲು. ಅಜ್ಜ ಸಸಿ ಎತ್ತಿಕೊಡಲಿಲ್ಲ. ‘ಎಲ್ಲಿ ಇಡ್ತೀರಾ?’ ಅಂದರು. ತಾರಸಿಯಲ್ಲಿ, ದಕ್ಷಿಣದ ಪ್ಯಾರಾಪೆಟ್ ಗೋಡೆಗೆ ಒತ್ತಿ ಅಂದೆ. ಗೋಡೆ ಎಷ್ಟು ಎತ್ತರ ಅಂದರು. ಮೂರಡಿ. ಕೈಯಲ್ಲಿದ್ದ ಬಿದಿರು ಕಡ್ಡಿಯನ್ನು ನೆಲಕ್ಕೆ ಚುಚ್ಚಿ ಅದರ ನೆರಳು ತೋರಿಸಿದರು. ‘ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ಮಧ್ಯಾಹ್ನವೂ ನಿಮ್ಮ ಗೋಡೆ ನೆರಳು ಎರಡಡಿ ಒಳಗೆ ಬಿದ್ದಿರತ್ತೆ. ಕುಂಡ ಅಲ್ಲಿಟ್ರೆ ಅದಕ್ಕೆ ಬಿಸಿಲೇ ಇಲ್ಲ. ಇನ್ನೂ ಒಳಗೆ ತನ್ನಿ, ಇಲ್ಲಾಂದ್ರೆ ಸ್ಟ್ಯಾಂಡ್ ಮೇಲೆ ಎತ್ತಿಡಿ. ಯುಗಾದಿ ಆದಮೇಲೆ ಬೇಕಾದ್ರೆ ಗೋಡೆಗೆ ಒತ್ತಿ.’ ಮನೆಗೆ ಬಂದು ಅಳೆದೆ. ನೆರಳು ಎರಡಡಿ ದಾಟಿ ಎರಡು ಇಂಚು ಹೆಚ್ಚೇ ಇತ್ತು.

ಆಮೇಲೆ ಲೆಕ್ಕ ಹಾಕಿ ನೋಡಿದರೆ ಎಲ್ಲವೂ ಕೂಡಿಬರುತ್ತದೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲೊಮ್ಮೆ ಮತ್ತು ಆಗಸ್ಟ್ ನಡುವಿನಲ್ಲೊಮ್ಮೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ಮೇ, ಜೂನ್, ಜುಲೈಗಳಲ್ಲಿ ನಮ್ಮ ತಲೆಯಿಂದ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ಮೂವತ್ತಾರು ಡಿಗ್ರಿಯಷ್ಟು ಇಳಿದಿರುತ್ತಾನೆ. ಮಳೆಗಾಲದಲ್ಲಿ ನೆರಳೇ ಇಲ್ಲದ ಮೂಲೆ ಚಳಿಗಾಲದಲ್ಲಿ ಪೂರ್ತಿ ನೆರಳಾಗುವುದು ಇದರಿಂದ. ನಗರದಲ್ಲಿ ದಕ್ಷಿಣದ ಮನೆಯವರು ಒಂದು ಅಂತಸ್ತು ಏರಿಸಿದರೆ ಉತ್ತರದ ಮನೆಯ ಚಳಿಗಾಲದ ಟೊಮ್ಯಾಟೊ ಹೋದಂತೆಯೇ. ‘ದಿನಕ್ಕೆ ಆರು ಗಂಟೆ ಬಿಸಿಲು’ ಅನ್ನುವ ಸಲಹೆಯಲ್ಲಿ ಇದ್ಯಾವುದೂ ಇಲ್ಲ. ಯಾವ ತಿಂಗಳ ಆರು ಗಂಟೆ ಅಂತ ಕೇಳಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಆ ಬಿದಿರು ಕಡ್ಡಿ.

ಅವತ್ತೇ ನೀರಿನ ಪ್ರಶ್ನೆಯನ್ನೂ ಕೇಳಿದ್ದೆ. ಅಜ್ಜ ಮಾತಾಡದೆ ಎದ್ದು ಮಣ್ಣಿನ ಕುಂಡಗಳ ಸಾಲಿನಲ್ಲಿ ನಡೆಯುತ್ತಾ ಬೆರಳ ಗೆಣ್ಣಿನಿಂದ ಒಂದೊಂದನ್ನೇ ತಟ್ಟಿದರು. ಕೆಲವು ಟಣ್ ಅಂದವು, ಕೆಲವು ದಪ್ ಅಂದವು. ಟಣ್ ಅಂದವಕ್ಕೆ ನೀರು ಹಾಕಿದರು, ಉಳಿದವನ್ನು ಬಿಟ್ಟರು. ಒಣಗಿದ ಮಣ್ಣು ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ, ಆಗ ಕುಂಡ ಕಂಚಿನ ಹಾಗೆ ಮೊಳಗುತ್ತದೆ. ಹಸಿ ಮಣ್ಣು ಅಂಟಿಕೊಂಡಿದ್ದರೆ ಸದ್ದು ಮಂದ. ನನ್ನ ತಾರಸಿಯಲ್ಲಿ ಹೆಚ್ಚಿನವು ಗ್ರೋ ಬ್ಯಾಗುಗಳು, ಅವನ್ನು ತಟ್ಟಿದರೆ ಏನೂ ಕೇಳುವುದಿಲ್ಲ ಅಂದೆ. ‘ಹಾಗಾದ್ರೆ ಎರಡು ಗೆಣ್ಣು ಬೆರಳು ಒಳಗೆ ಬಿಡಿ. ತುದಿಗೆ ತಂಪು ತಾಗಿದ್ರೆ ಇವತ್ತು ಬೇಡ’ ಅಂದರು. ಮೇಲ್ಮಣ್ಣು ಒಣಗಿದ್ದು ಕಂಡ ಕೂಡಲೇ ನೀರು ಸುರಿಯುವುದರಿಂದಲೇ ಮನೆಗಿಡಗಳು ಹೆಚ್ಚು ಸಾಯುವುದು ಅನ್ನುವುದು ಅವರ ಗಟ್ಟಿ ಅಭಿಪ್ರಾಯ. ಬೇರಿಗೂ ಗಾಳಿ ಬೇಕು. ನೀರು ನಿಂತ ಮಣ್ಣಿನಲ್ಲಿ ಗಾಳಿಗೆ ಜಾಗವಿರುವುದಿಲ್ಲ.

ಬರುವಾಗ ಮೆಣಸಿನ ಸಸಿಯ ಜೊತೆ ಮೊಳಕೆ ಒಡೆದ ಒಂದು ಸೀಮೆಬದನೆಕಾಯಿಯನ್ನೂ ಕೈಗಿಟ್ಟರು. ಅದರ ಬೀಜ ಬಿಡಿಸುವ ಹಾಗಿಲ್ಲ. ಒಂದು ಕಾಯಿಗೆ ಒಂದೇ ಬೀಜ, ಅದು ಕಾಯಿಯೊಳಗೇ ಮೊಳೆಯುತ್ತದೆ. ಇಡೀ ಕಾಯಿಯನ್ನು ಓರೆಯಾಗಿ, ಅರ್ಧ ಮಾತ್ರ ಮಣ್ಣಿನಲ್ಲಿ ಹುಗಿಯಬೇಕು. ಮಧ್ಯ ಅಮೆರಿಕದ ಕಡೆಯ ಈ ಬಳ್ಳಿ ಬೆಂಗಳೂರಿನ ತಂಪಿಗೆ ಒಗ್ಗಿಕೊಂಡ ರೀತಿ ನೋಡಿದರೆ ಇಲ್ಲಿಯದೇ ಅನ್ನಿಸುತ್ತದೆ.

ಹೀರೆ ಹೂವಿನ ಹೊತ್ತು

ಗಿಡದ ವಿಷಯದಲ್ಲಿ ನನ್ನ ಇನ್ನೊಬ್ಬ ಗುರು ಸಿರ್ಸಿ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡಮ್ಮ. ಅವರ ಹಿತ್ತಿಲು ತೋಟದ ಅಂಚಿಗೆ, ಬಚ್ಚಲ ನೀರು ಹರಿದು ಹೋಗುವ ದಾರಿಯಲ್ಲಿದೆ. ಬಸಳೆ ಚಪ್ಪರ ಆ ನೀರಿಗೆ ಹತ್ತಿರ, ಕೆಸು ಇನ್ನೂ ಹತ್ತಿರ, ಒಂದೆಲಗ ಕಲ್ಲಿನ ಸಂದಿಯಲ್ಲಿ, ತಂಬುಳಿಗೆ ಬೇಕಾದ ದೊಡ್ಡಪತ್ರೆ ಒಣ ಜಾಗದಲ್ಲಿ. ಯಾರೂ ನಕ್ಷೆ ಬರೆದು ಮಾಡಿದ್ದಲ್ಲ. ಯಾವುದಕ್ಕೆ ಎಷ್ಟು ನೀರು ಬೇಕೋ ಅದು ನೀರಿನಿಂದ ಅಷ್ಟು ದೂರದಲ್ಲಿದೆ. ಎಷ್ಟು ನೀರು ಹಾಕಬೇಕು ಅನ್ನುವ ಪ್ರಶ್ನೆಯೇ ಹುಟ್ಟದ ಹಾಗೆ ಗಿಡ ಇಟ್ಟಿದ್ದಾರೆ.

ಒಂದು ಮಳೆಗಾಲ ಅವರ ಮನೆಯಲ್ಲಿದ್ದೆ. ಸಂಜೆ ಜಗಲಿಯಲ್ಲಿ ಕೂತು ಯಾರದೋ ಮದುವೆಯ ಸುದ್ದಿ ಮಾತಾಡುತ್ತಿದ್ದೆವು. ಮಾತಿನ ನಡುವೆಯೇ ದೊಡ್ಡಮ್ಮ ಎದ್ದರು. ‘ಹೀರೆ ಅರಳುವ ಹೊತ್ತಾತು’ ಅಂದು ಕಂಬಳಿಕೊಪ್ಪೆ ಹಾಕಿಕೊಂಡು ಹೊರಟರು. ಹಿಂದೆಯೇ ಹೋದೆ. ಜಿಟಿಜಿಟಿ ಮಳೆ. ಬೆಳಗ್ಗೆ ನೋಡಿದಾಗ ಮುಚ್ಚಿಕೊಂಡಿದ್ದ ಮೊಗ್ಗುಗಳು ಆ ಮಬ್ಬಿನಲ್ಲಿ ಹಳದಿಯಾಗಿ ಬಿಡುತ್ತಿದ್ದವು. ಗೊಂಚಲಲ್ಲಿ ಬಂದವು ಗಂಡು, ಒಂಟಿಯಾಗಿ, ಬುಡದಲ್ಲಿ ಕಿರುಬೆರಳಷ್ಟು ಕಾಯಿ ಹೊತ್ತು ಬಂದವು ಹೆಣ್ಣು. ದೊಡ್ಡಮ್ಮ ಒಂದು ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಮುಟ್ಟಿಸಿದರು. ಮಳೆ ಹಿಡಿದುಕೊಂಡರೆ ದುಂಬಿ, ಪತಂಗ ಬರುವುದಿಲ್ಲ, ಆಗ ಕಾಯಿ ಹಳದಿಯಾಗಿ ಉದುರುತ್ತದೆ, ಅದಕ್ಕೆ ಈ ಕೆಲಸ. ‘ಸೋರೆಗೂ ಸಂಜೆಗೇ ಮಾಡು. ಕುಂಬಳಕ್ಕೆ ಮಾತ್ರ ಬೆಳಗಾಗ ಏಳು. ಬಿಸಿಲೇರುವಷ್ಟರಲ್ಲಿ ಅದರ ಹೂ ಮುಚ್ಚತ್ತು.’

ನನ್ನನ್ನು ಇವತ್ತಿಗೂ ಹಿಡಿದಿಟ್ಟಿರುವ ಸಂಜೆ ಅದು. ಹೀರೆ ಹೂ ಸಂಜೆ ಐದರಿಂದ ಎಂಟರೊಳಗೆ ಅರಳುತ್ತದೆ ಎಂದು ತೋಟಗಾರಿಕೆಯ ಪಠ್ಯಗಳಲ್ಲೂ ಇದೆ, ನಾನೇ ಆಮೇಲೆ ಓದಿದೆ. ಸೋರೆಯ ಬಿಳಿ ಹೂ ಕೂಡ ಇಳಿಹೊತ್ತಿನದೇ, ರಾತ್ರಿಯ ಪತಂಗಗಳಿಗೆ ಬಿಳಿ ಚೆನ್ನಾಗಿ ಕಾಣುತ್ತದೆ. ಆದರೆ ಪಠ್ಯ ಓದಿದ್ದರೆ ಅದು ನನಗೆ ಒಂದು ಮಾಹಿತಿಯಾಗಿ ಉಳಿಯುತ್ತಿತ್ತು. ಮದುವೆಯ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದ ದೊಡ್ಡಮ್ಮನನ್ನು ನೋಡಿದ್ದರಿಂದ ಅದು ನನ್ನ ದಿನಚರಿಗೆ ಬಂತು. ಈಗ ಆಫೀಸಿನ ಸಂಜೆಯ ಮೀಟಿಂಗ್ ಬೇಗ ಮುಗಿದರೆ ನಾನು ನೇರ ತಾರಸಿಗೆ ಹೋಗುತ್ತೇನೆ. ಮೂರನೇ ಮಹಡಿಗೆ ಜೇನು ಬರುವುದು ಕಡಿಮೆ, ಹಾಗಾಗಿ ಮಳೆ ಇರಲಿ ಬಿಡಲಿ ಈ ಕೆಲಸ ನನ್ನ ಪಾಲಿನದು.

ಕುಡಿ ಚಿವುಟುವುದನ್ನೂ ಅವರಿಂದಲೇ ಕಲಿತದ್ದು. ಸೋರೆ ಬಳ್ಳಿಯ ಮುಖ್ಯ ಕುಡಿ ಓಡುತ್ತಲೇ ಇದ್ದರೆ ಅದರಲ್ಲಿ ಬರುವುದು ಹೆಚ್ಚು ಗಂಡು ಹೂ. ತುದಿ ಚಿವುಟಿದರೆ ಪಕ್ಕದ ಕವಲು ಒಡೆಯುತ್ತದೆ, ಹೆಣ್ಣು ಹೂ ಹೆಚ್ಚು ಬರುವುದು ಕವಲುಗಳಲ್ಲಿ. ಇದನ್ನೇ ಈಗ ‘ತ್ರೀ ಜಿ ಕಟಿಂಗ್’ ಅಂತ ಹೊಸ ವಿದ್ಯೆಯ ಹಾಗೆ ತೋರಿಸುತ್ತಾರೆ. ಹೆಸರು ಯಾವುದಾದರೇನು, ಕಲಿತವರಿಗೆ ಕಾಯಿ ಸಿಕ್ಕರೆ ಸಂತೋಷವೇ. ಹರಿವೆ ಬೀಜ ಬಿತ್ತುವಾಗ ದೊಡ್ಡಮ್ಮ ಅಕ್ಕಿರವೆ ಬೆರೆಸುತ್ತಾರೆ: ಇರುವೆಗಳು ರವೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಬೀಜ ಮೊಳೆತಿರುತ್ತದೆ. ಸಾಸಿವೆಗಿಂತ ಸಣ್ಣ ಬೀಜ ಒಂದೇ ಕಡೆ ಗುಪ್ಪೆಯಾಗಿ ಬೀಳದಂತೆಯೂ ಆಯಿತು. ಇರುವೆಗೆ ಔಷಧಿ ಹೊಡೆಯುವ ಬದಲು ಇರುವೆಗೆ ಉಣ್ಣಲು ಕೊಡುವ ಈ ಯೋಚನೆ ನನಗೆ ಬಹಳ ಇಷ್ಟ.

ಕೈಯಿಂದ ಕೈಗೆ ಬರುವುದು

ಮನೆತೋಟದ ಎಷ್ಟೋ ಗಿಡಗಳು ಅಂಗಡಿಯಿಂದ ಬರುವುದೇ ಇಲ್ಲ. ಬಸಳೆ, ದೊಡ್ಡಪತ್ರೆ, ಚಕ್ರಮುನಿ, ನುಗ್ಗೆ ಎಲ್ಲ ಯಾರಾದರೂ ಒಂದು ಕಡ್ಡಿ ಮುರಿದು ಕೊಟ್ಟರೆ ಬಂದಂತೆ. ತೊಂಡೆಯ ಕಥೆಯಂತೂ ಇನ್ನೂ ಸ್ವಾರಸ್ಯ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜ ಹಾಕಿದರೆ ಯಾವುದು ಬರುತ್ತದೋ ಹೂ ಬಿಡುವ ತನಕ ತಿಳಿಯುವುದಿಲ್ಲ, ಗಂಡು ಬಳ್ಳಿಯಾದರೆ ಒಂದು ಕಾಯಿಯೂ ಇಲ್ಲ. ಹಾಗಾಗಿ ಕಾಯಿ ಬಿಡುವ ಹೆಣ್ಣು ಬಳ್ಳಿಯ ಬಲಿತ ಕಡ್ಡಿಯನ್ನೇ ನೆಡಬೇಕು. ಅಂದರೆ ನಿಮ್ಮ ಮನೆಯ ತೊಂಡೆ ಬಳ್ಳಿ ನೆರೆಮನೆಯ ಬಳ್ಳಿಯ ತುಂಡು, ಅದು ಅವರ ತವರಿನ ಬಳ್ಳಿಯ ತುಂಡು, ಹಾಗೇ ಹಿಂದಕ್ಕೆ. ದೊಡ್ಡಮ್ಮ ನನಗೆ ಕಡ್ಡಿ ಕೊಟ್ಟಾಗ ಅದರ ಕೆಳತುದಿಯನ್ನು ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದ್ದರು. ತಲೆಕೆಳಗಾಗಿ ನೆಡದಿರಲಿ ಅಂತ. ಒದ್ದೆ ಬಟ್ಟೆ, ಅದರ ಮೇಲೆ ಬಾಳೆಎಲೆ ಸುತ್ತಿ ಬಸ್ಸಿನಲ್ಲಿ ನನ್ನ ಜೊತೆ ಕಳಿಸಿದರು.

ಬೀಜಕ್ಕೂ ಇಂಥದೇ ಶಿಸ್ತಿದೆ. ಅವರ ಅಡುಗೆಮನೆಯಲ್ಲಿ ಒಲೆಯ ಮೇಲೆ ಒಣಗಿದ ಹೀರೆಕಾಯಿ ಬೀಜದ ಸಮೇತ ತೂಗುತ್ತಿರುತ್ತದೆ. ಸೌತೆ ಬೀಜ ಬೂದಿಯ ಜೊತೆ ಗೋಡೆಗೆ ಮೆತ್ತಿರುತ್ತದೆ. ಬೂದಿ ತೇವ ಹೀರಿಕೊಳ್ಳುತ್ತದೆ, ಹೊಗೆಗೆ ಹುಳ ಹತ್ತುವುದಿಲ್ಲ. ಸಿರ್ಸಿಯ ವನಸ್ತ್ರೀ ಬಳಗದ ಹೆಂಗಸರು ಮಲೆನಾಡಿನ ಹಿತ್ತಿಲುಗಳ ಇಂಥ ತರಕಾರಿ ಬೀಜಗಳನ್ನೇ ವರ್ಷಗಳಿಂದ ಕೂಡಿಟ್ಟು, ಬೆಳೆದು, ಹಂಚಿಕೊಳ್ಳುತ್ತಾ ಬಂದಿದ್ದಾರೆ. ಬೀಜ ಕೊಡುವಾಗ ಅವರು ಹೇಳುವ ನಾಲ್ಕು ಮಾತೂ ಬೀಜದಷ್ಟೇ ಬೆಲೆಯವು. ಈ ಅಲಸಂದೆ ನೆಲದ ಮೇಲೆ ಹಬ್ಬುವುದೋ ಚಪ್ಪರ ಕೇಳುವುದೋ, ಈ ಬದನೆ ಎಷ್ಟು ಬಲಿತ ಮೇಲೆ ಬೀಜಕ್ಕೆ ಬಿಡಬೇಕು. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಇದಕ್ಕೆಲ್ಲ ಜಾಗವಿಲ್ಲ.

ವಿಜ್ಞಾನಿಯೂ ಹತ್ತಿರದವರೇ

ಇಷ್ಟು ಓದಿದವರಿಗೆ ನಾನು ಹಳೆಯದನ್ನು ಮಾತ್ರ ಹೊಗಳುತ್ತಿದ್ದೇನೆ ಅನ್ನಿಸಬಾರದು. ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1960ರ ದಶಕದ ಕೊನೆಯಿಂದ ಇದೆ, ಅಲ್ಲಿಯ ವಿಜ್ಞಾನಿಗಳು ನಮ್ಮದೇ ಕೆಂಪುಮಣ್ಣು, ನಮ್ಮದೇ ಹವೆಯಲ್ಲಿ ಕೆಲಸ ಮಾಡುವವರು. ಅವರು ಬಿಡುಗಡೆ ಮಾಡಿದ ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆಮುದುಡು ನಂಜು, ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುತ್ತದೆ. ತಾರಸಿಯಲ್ಲಿ ಔಷಧಿ ಹೊಡೆಯಲು ಮನಸ್ಸಿಲ್ಲದ ನನ್ನಂಥವರಿಗೆ ಅದು ದೊಡ್ಡ ಉಪಕಾರ. ಆದರೆ ಅದು ಎಫ್-1 ಹೈಬ್ರಿಡ್, ಅಂದರೆ ಬೇರೆ ಬೇರೆ ತಳಿ ಕೂಡಿಸಿ ಪಡೆದ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಬೆಳೆಯಲ್ಲಿ ಅದೇ ಗುಣ ಸಿಗುವುದಿಲ್ಲ. ಹಾಗಾಗಿ ನನ್ನ ತಾರಸಿಯಲ್ಲಿ ಟೊಮ್ಯಾಟೊ ಬೀಜ ಕೊಂಡದ್ದು, ಅಲಸಂದೆ ಬೀಜ ಎತ್ತಿಟ್ಟದ್ದು. ಅಲಸಂದೆ ತನ್ನ ಹೂವಿನಲ್ಲೇ ಪರಾಗ ಕಟ್ಟಿಕೊಳ್ಳುವ ಗಿಡವಾದ್ದರಿಂದ ಅಕ್ಕಪಕ್ಕ ಎರಡು ತಳಿ ಇದ್ದರೂ ಅಷ್ಟಾಗಿ ಬೆರೆಯುವುದಿಲ್ಲ. ಸೌತೆ, ಕುಂಬಳಗಳಿಗೆ ಆ ಭರವಸೆ ಇಲ್ಲ.

ಬೆಂಗಳೂರಿನಲ್ಲಿ ತಾರಸಿ ತೋಟಕ್ಕೆ ಒಂದು ಚಳವಳಿಯ ರೂಪ ಬಂದದ್ದೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರೊಬ್ಬರಿಂದ. ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಮನೆಮಂದಿಗೆ ತರಬೇತಿ ಕೊಡುತ್ತಾ ಬಂದರು. ತಾರಸಿ ತೋಟದವರು ಸೇರುವ ‘ಊಟ ಫ್ರಮ್ ಯುವರ್ ತೋಟ’ ಮೇಳಗಳು 2011ರಲ್ಲಿ ಶುರುವಾದವು. ಗೊಬ್ಬರದ ವಿಷಯದಲ್ಲಿ ಎಚ್‌ಎಸ್‌ಆರ್ ಲೇಔಟ್‌ನ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಕಾಂಪೋಸ್ಟ್ ವಾಸನೆ ಬಂದರೆ ಹಸಿ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ ಅಂತಲೇ ಅರ್ಥ, ಒಣ ಎಲೆ ಸೇರಿಸಿ ತಿರುವಿ ಹಾಕಿ. ಗೊಬ್ಬರಕ್ಕೆ ಸಂಬಂಧಿಸಿ ಮನೆಯವರು ಕೇಳುವ ಮುಕ್ಕಾಲು ಪ್ರಶ್ನೆಗೆ ಇಷ್ಟೇ ಉತ್ತರ.

ಮಲೆನಾಡಿನಿಂದ ಬಂದ ಮಾತು

ದೊಡ್ಡಮ್ಮನ ಮಾತನ್ನೂ ನಾನು ಹಾಗೇ ಇಳಿಸಿಕೊಳ್ಳುವ ಹಾಗಿಲ್ಲ. ಅವರ ಪಂಚಾಂಗ ಮಳೆ ನಕ್ಷತ್ರದ್ದು. ಮಳೆಗಾಲದ ಬೀಜಗಳೆಲ್ಲ ರೋಹಿಣಿಯೊಳಗೆ, ಅಂದರೆ ಜೂನ್ ಮೊದಲ ವಾರದೊಳಗೆ, ಮಣ್ಣಿಗೆ ಬೀಳಬೇಕು. ಮೃಗಶಿರ, ಆರಿದ್ರದ ಹೊಡೆತ ಶುರುವಾಗುವಷ್ಟರಲ್ಲಿ ಬಳ್ಳಿ ಚಪ್ಪರದ ಕಂಬ ಹಿಡಿದಿರಬೇಕು, ಇಲ್ಲದಿದ್ದರೆ ಎಳೆ ಸಸಿ ಮಳೆಗೇ ಕೊಳೆಯುತ್ತದೆ. ಸಿರ್ಸಿಯ ಮಟ್ಟಿಗೆ ಅದು ಸರಿಯಾದ ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 900ರಿಂದ 1000 ಮಿ.ಮೀ. ಮಳೆ, ಅದರಲ್ಲೂ ಜೋರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನಮ್ಮಲ್ಲಿ ಜೂನ್ ಅಂದರೆ ಗಾಳಿ, ಮೋಡ, ಆಗೀಗ ಹನಿ. ಸಸಿಗೆ ಇದಕ್ಕಿಂತ ಸುಖದ ತಿಂಗಳಿಲ್ಲ, ಆದರೆ ಗಾಳಿಗೆ ತಾರಸಿಯ ಚಪ್ಪರ ಕಟ್ಟಿಹಾಕಬೇಕು. ದೊಡ್ಡಮ್ಮನಲ್ಲಿ ಮಳೆಗೆ ಹೆದರಿ ಮಾಡುವುದನ್ನು ನಾನಿಲ್ಲಿ ಗಾಳಿಗೆ ಹೆದರಿ ಮಾಡುತ್ತೇನೆ. ಬಸಳೆಯೂ ಅಷ್ಟೇ. ಕರಾವಳಿ, ಮಲೆನಾಡಿನ ಸೆಕೆಗೆ ಒಗ್ಗಿದ ಬಳ್ಳಿ ಬೆಂಗಳೂರಿನ ಡಿಸೆಂಬರ್‌ನಲ್ಲಿ ಬೆಳವಣಿಗೆ ನಿಲ್ಲಿಸಿ ಕೂರುತ್ತದೆ. ಗೊಬ್ಬರ ಸುರಿದು ಪ್ರಯೋಜನವಿಲ್ಲ, ಶಿವರಾತ್ರಿ ಕಳೆಯಲಿ ಅಂದರು ಸಿದ್ದಾಪುರದ ಅಜ್ಜ. ಅವರು ಸಿರ್ಸಿಯನ್ನು ನೋಡಿದವರಲ್ಲ, ಆದರೆ ಬೆಂಗಳೂರಿನ ಚಳಿ ಬಲ್ಲವರು. ದೊಡ್ಡಮ್ಮ ಬಸಳೆ ಬಲ್ಲವರು. ಇಬ್ಬರ ಮಾತನ್ನೂ ಸೇರಿಸಿಕೊಂಡೇ ನಾನು ಬಸಳೆ ಬೆಳೆಯಬೇಕಾಗಿದೆ.

ಹತ್ತಿರದವರಿಂದ ಕಲಿಯುವುದು ಅಂದರೆ ನನಗೆ ಈಗ ಇದು: ಯಾವುದನ್ನು ಮೊದಲು ನೋಡಬೇಕು ಅನ್ನುವ ಕ್ರಮ. ಮೊದಲು ಬಿಸಿಲು, ಆಮೇಲೆ ಕುಂಡದ ತಳದ ತೂತು ಮುಚ್ಚಿದೆಯೋ ಅನ್ನುವುದು, ಆಮೇಲೆ ಎಲೆಯ ಹಿಂಬದಿ. ಬಿಳಿನೊಣ, ಹೇನು, ನುಸಿ ಎಲ್ಲ ಕೂರುವುದು ಅಲ್ಲೇ. ಗೊಬ್ಬರ, ಔಷಧಿಯ ಮಾತು ಇವೆಲ್ಲ ಮುಗಿದ ಮೇಲೆ. ಹೊಸಬರು ಹೊರಡುವುದು ಇದಕ್ಕೆ ಉಲ್ಟಾ, ಯಾಕೆಂದರೆ ಅಂಗಡಿಯಲ್ಲಿ ಮಾರಲು ಸಿಗುವುದು ಗೊಬ್ಬರ, ಔಷಧಿಗಳೇ. ಬಿಸಿಲು ನೋಡುವುದನ್ನು ಕಲಿಸಿ ಯಾರಿಗೂ ಲಾಭವಿಲ್ಲ.

ಕಲಿಸಿದವರಿಗೆ ಏನು ಕೊಡುತ್ತೇವೆ

ಲಾಲ್‌ಬಾಗ್‌ಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದು, ತೋಟದ ಉಸ್ತುವಾರಿ ನೋಡಿಕೊಂಡ ಕ್ಯಾಮರಾನ್, ಕ್ರುಂಬಿಗಲ್, ಜವರಾಯ, ಮರಿಗೌಡರು, ಎಲ್ಲ ನಮಗೆ ಗೊತ್ತು, ಗೊತ್ತಿರಬೇಕಾದದ್ದೇ. ಬೆಂಗಳೂರಿನ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂ ಬಿಡುವಂತೆ ಯೋಜಿಸಿದ ಕ್ರುಂಬಿಗಲ್ ಅವರನ್ನು ಎಷ್ಟು ನೆನೆದರೂ ಸಾಲದು. ಆದರೆ ಆ ಸಸಿಗಳನ್ನು ಮಡಿಯಲ್ಲಿ ಎಬ್ಬಿಸಿ, ಹೊತ್ತು, ನೆಟ್ಟು, ಬೇಸಿಗೆ ಕಾದ ಕೈಗಳ ಹೆಸರು ಎಲ್ಲೂ ಇಲ್ಲ. ಅವರ ಮೊಮ್ಮಕ್ಕಳಂಥವರು ಇವತ್ತು ಸಿದ್ದಾಪುರದ ಓಣಿಗಳಲ್ಲಿ ನಲವತ್ತು ರೂಪಾಯಿಯ ಸಸಿ ಮಾರುತ್ತಾರೆ. ಅದನ್ನು ಮೂವತ್ತಕ್ಕೆ ಕೊಡಿ ಅಂತ ಚೌಕಾಸಿ ಮಾಡುತ್ತಾ ನಾವು ಅವರಿಂದ ಅರ್ಧ ಗಂಟೆಯ ಪಾಠವನ್ನೂ ಪಡೆದುಕೊಂಡು ಬರುತ್ತೇವೆ. ಇದೇ ನಾವು ವಾರಾಂತ್ಯದ ಕಾರ್ಯಾಗಾರಕ್ಕೆ ಸಾವಿರಗಟ್ಟಲೆ ಶುಲ್ಕ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಪಿಪಿಟಿ ಇರುವ ವಿದ್ಯೆಗೆ ಶುಲ್ಕ, ಬೆರಳ ಗೆಣ್ಣಿನ ವಿದ್ಯೆ ಪುಕ್ಕಟೆ. ಇದು ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅಜ್ಜನ ಮಗ ಈ ಕೆಲಸಕ್ಕೆ ಬಂದಿಲ್ಲ, ಕ್ಯಾಬ್ ಓಡಿಸುತ್ತಾನೆ. ಜಾಗಕ್ಕೆ ಆಗಾಗ ಕೇಳುವವರು ಬರುತ್ತಲೇ ಇರುತ್ತಾರೆ.

ನಮ್ಮ ಬೀದಿಯಲ್ಲಿ ತಾರಸಿ ತೋಟ ಮಾಡುವ ಕೆಲವು ಮನೆಯವರು ಮಾತಾಡಿಕೊಂಡು, ಅಜ್ಜನನ್ನು ತಿಂಗಳಿಗೊಂದು ಭಾನುವಾರ ಮನೆಗಳಿಗೇ ಕರೆಸುವುದು ಎಂದು ತೀರ್ಮಾನಿಸಿದ್ದೇವೆ. ಆಟೊ ಖರ್ಚು ಬೇರೆ, ಪಾಠದ ಸಂಭಾವನೆ ಬೇರೆ, ಸಸಿ ಕೊಂಡರೆ ಅದರ ದುಡ್ಡು ಬೇರೆ. ಸಂಭಾವನೆ ಕಾರ್ಯಾಗಾರದ ದರಕ್ಕೆ ಕಡಿಮೆ ಇರಬಾರದು ಅಂತ ನಾನು ಹಟ ಹಿಡಿದೆ, ಉಳಿದವರೂ ಒಪ್ಪಿದರು. ಅಜ್ಜ ಮೊದಲು ಬೇಡ ಅಂದರು. ಆಮೇಲೆ, ಬರುವುದಾದರೆ ಬೆಳಗ್ಗೆ ಏಳಕ್ಕೆ ಮುಂಚೆ ಬರುತ್ತೇನೆ, ಎಲ್ಲರೂ ಎದ್ದು ತಾರಸಿಯಲ್ಲಿರಬೇಕು, ಕಾಫಿಗೆ ಅಂತ ಕೆಳಗೆ ಕೂರಿಸಬಾರದು ಅಂದರು. ಮಲ್ಲಿಗೆ ಸವರುವುದನ್ನು ತೋರಿಸಿ ಅಂತ ಎಲ್ಲರ ಬೇಡಿಕೆ. ಅದು ಆಮೇಲೆ, ಮೊದಲ ವಾರ ನಿಮ್ಮ ನಿಮ್ಮ ಕತ್ತರಿ ತನ್ನಿ, ಸಾಣೆ ಹಿಡಿಯುವುದನ್ನು ಹೇಳಿಕೊಡುತ್ತೇನೆ, ಮೊಂಡ ಕತ್ತರಿಯಲ್ಲಿ ಜಜ್ಜಿದ ಕೊಂಬೆಗೆ ರೋಗ ಬರುತ್ತದೆ ಅಂದಿದ್ದಾರೆ. ಸಾಣೆಕಲ್ಲನ್ನು ಅವರೇ ತರುತ್ತಾರಂತೆ. ಕತ್ತರಿ ಒರೆಸಲು ಒಂದು ಹಳೇ ಬಟ್ಟೆ, ಸ್ವಲ್ಪ ಕೊಬ್ಬರಿ ಎಣ್ಣೆ ನಾವು ಇಟ್ಟುಕೊಂಡಿರಬೇಕು.